ಉಳುವಾಗ ಸಿಕ್ಕ ಹಸಿರು ಕಾಸು



ಹೊಲ ಉಳುವಾಗಲೋ, ಬಾವಿ ತೋಡುವಾಗಲೋ ಹಸಿರು ಹಿಡಿದ ಹಳೇ ಕಾಸೊಂದು ಸಿಗುತ್ತದೆ ಅನ್ನಿ. ಮನೆಗೆ ತಂದರೆ ಮೊದಲು ಆಗುವುದೇನು? ಹುಣಸೇಹಣ್ಣು, ಬೂದಿ ಹಾಕಿ ತಿಕ್ಕುವುದು! ತಾಮ್ರದ ಚೆಂಬು ಬೆಳಗುವ ಕೈ ಸುಮ್ಮನಿದ್ದೀತೇ? ಆದರೆ ದಯವಿಟ್ಟು ತಿಕ್ಕಬೇಡಿ. ಯಾಕೆ ಅಂತ ಕೇಳಿ.

ನಮ್ಮ ಶಿವಮೊಗ್ಗ, ಭದ್ರಾವತಿಗಳ ಮೂಡಲಿಗೆ ಚಿತ್ರದುರ್ಗವಿದೆ. ಅದರ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಮೊದಲು ಡಾ. ಎಂ. ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ವ್ಹೀಲರ್ ಅವರು ನೆಲ ಅಗೆಸಿದರು. ಶಾತವಾಹನರ ಸೀಸದ ಕಾಸುಗಳು ಸಿಕ್ಕ ಆ ಜಾಗದಲ್ಲೇ ರೋಮ್ ದೇಶದ ಬೆಳ್ಳಿ ನಾಣ್ಯವೂ ಸಿಕ್ಕಿತು. ಅದರ ಮೇಲಿದ್ದ ಚಕ್ರವರ್ತಿ ಟಿಬೀರಿಯಸ್, ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಒಂದು ಸಣ್ಣ ನಾಣ್ಯದಿಂದ ಆ ಊರಿನ ವಯಸ್ಸಿಗೆ ಆಧಾರ ದೊರೆಯಿತು! ಕಡಲು ದಾಟಿದ ವ್ಯಾಪಾರ ಇಷ್ಟು ಒಳನಾಡಿಗೂ ಮುಟ್ಟಿತ್ತು ಅಂತಲೂ ತಿಳಿಯಿತು.

ನಮ್ಮ ರಾಜ್ಯದಲ್ಲಿ ಸಿಕ್ಕ ರೋಮನ್ ಹಣ ಬಹುಮಟ್ಟಿಗೆ ಬೆಳ್ಳಿ, ಬಂಗಾರದ್ದು. ಕಂಚಿನದು ತಮಿಳುನಾಡು, ಸಿಂಹಳಗಳ ಕಡೆ ಹೆಚ್ಚು. ಇಲ್ಲಿ ಒಂದು ಸಿಕ್ಕರೂ ದೊಡ್ಡ ಸಂಗತಿಯೇ.

ಗುರುತು ಹಿಡಿಯುವುದು ಹೇಗೆ? ಒಂದು ಕಡೆ ಪಕ್ಕಕ್ಕೆ ತಿರುಗಿದ ದೊರೆಯ ಮುಖ, ಸುತ್ತಲೂ ಇಂಗ್ಲಿಷಿನಂಥ ಅಕ್ಷರ. ಹಿಂದುಗಡೆ ದೇವತೆಯೋ ಸಿಪಾಯಿಗಳೋ ನಿಂತಿರುತ್ತಾರೆ. ಮೊದಲ ಕಾಲದವುಗಳಲ್ಲಿ ಎಸ್, ಸಿ ಎಂಬ ಎರಡು ದೊಡ್ಡ ಅಕ್ಷರ ಇರುವುದುಂಟು. ಕಡೆಗಾಲದವು ಚಿಕ್ಕವು, ಚಿತ್ರದ ಬುಡದಲ್ಲಿ ಟಂಕಸಾಲೆಯ ಗುರುತಿರುತ್ತದೆ. ಕೈಯಿಂದ ಬಡಿದು ಒತ್ತಿದ್ದರಿಂದ ಅಂಚು ಸರಿಯಾಗಿ ದುಂಡಗಿರದು.

ಮೋಸಹೋಗಬೇಡಿ. ರಾಣಿ ವಿಕ್ಟೋರಿಯಾ, ಜಾರ್ಜ್ ದೊರೆಗಳ ಕಾಲಾಣೆಯಲ್ಲೂ ಮುಖ, ಅಕ್ಷರ ಎರಡೂ ಇವೆ. ಆದರೆ ಅದು ಯಂತ್ರದಲ್ಲಿ ಅಚ್ಚಾದದ್ದು. ಹಿಂದೆ ಇಸವಿ ಇರುತ್ತದೆ. ಆನೆ ಇದ್ದರೆ ಮೈಸೂರಿನ ಹಳೇ ಕಾಸಿರಬಹುದು.

ಇನ್ನು ತಿಕ್ಕುವ ಮಾತು. ಭದ್ರಾವತಿಯ ಕಬ್ಬಿಣ ಕಂಡ ನಿಮಗೆ ಕೆಂಪು ತುಕ್ಕು ಗೊತ್ತು. ತಾಮ್ರ, ಕಂಚಿಗೆ ಹಿಡಿಯುವುದು ಹಸಿರು ಕಿಲುಬು. ಸಾವಿರಾರು ವರ್ಷ ಮಣ್ಣಲ್ಲಿದ್ದ ಕಾಸಿನಲ್ಲಿ ಅಕ್ಷರ, ಮುಖ ಎಷ್ಟೋ ಸಲ ಆ ಕಿಲುಬಿನ ಪದರದಲ್ಲೇ ಉಳಿದಿರುತ್ತವೆ. ಹುಳಿ ಹಾಕಿ ತಿಕ್ಕಿದಿರೋ, ಕಿಲುಬಿನ ಜೊತೆ ದೊರೆಯ ಹೆಸರೂ ತೊಳೆದುಹೋಯಿತು. ಮಿಕ್ಕಿದ್ದು ಹೊಳೆಯುವ ಬಿಲ್ಲೆ, ಅಷ್ಟೆ.

ಆದ್ದರಿಂದ ಕಾಸನ್ನು ಒಣಬಟ್ಟೆಯಲ್ಲಿ ಸುತ್ತಿಡಿ. ಯಾವ ಹೊಲ, ಎಷ್ಟು ಆಳ, ಜೊತೆಗೆ ಮಡಕೆ ಚೂರು ಇತ್ತೇ ಎಂಬುದನ್ನು ಮಕ್ಕಳ ಕೈಲಿ ಬರೆಸಿ. ಗುಜರಿಗೆ ಹಾಕಬೇಡಿ, ಕರಗಿಸಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1962ರ ನಮ್ಮ ರಾಜ್ಯದ ಕಾಯಿದೆಯೂ ಇದೆ. ತಹಸೀಲ್ದಾರರ ಕಚೇರಿಗೆ ತಿಳಿಸಿ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ವಿಚಾರಿಸಬಹುದು.

ಬೆಳೆ ವರ್ಷಕ್ಕೊಮ್ಮೆ ಬರುತ್ತದೆ. ತಿಕ್ಕಿ ಅಳಿಸಿದ ಅಕ್ಷರ ಮತ್ತೆ ಬಾರದು. ನೆನಪಿರಲಿ.