ಯಂತ್ರಕ್ಕೆ ಅಂಟಿದ ಪರವಾನಗಿ

ಹೊಸ ಕಂಪ್ಯೂಟರಿನೊಡನೆ ವಿಂಡೋಸ್ ಪುಕ್ಕಟೆಯಾಗಿ ಬಂತೆಂದು ಹಿಗ್ಗುವವರನ್ನು ಬಹಳ ಕಂಡಿದ್ದೇನೆ. ಅದರ ಬೆಲೆ ಯಂತ್ರದ ಬೆಲೆಯಲ್ಲೇ ಅಡಗಿರುತ್ತದೆ. ಹಿಂದೆ ಮೈಕ್ರೋಸಾಫ್ಟಿನ ಕೆಲವು ಒಪ್ಪಂದಗಳ ಪ್ರಕಾರ ತಯಾರಕರು, ಡಾಸ್ ಹಾಕಲಿ ಬಿಡಲಿ, ಒಪ್ಪಂದಕ್ಕೆ ಒಳಪಟ್ಟ ಪ್ರತಿಯೊಂದು ಯಂತ್ರಕ್ಕೂ ಶುಲ್ಕ ತೆರಬೇಕಿತ್ತು. ಬೇರೆಯವರ ತಂತ್ರಾಂಶ ಹಾಕಿದರೆ ಎರಡು ಸಲ ತೆತ್ತಂತೆ! ಅಮೆರಿಕದ ನ್ಯಾಯ ಇಲಾಖೆಯೊಡನೆ 1994ರಲ್ಲಿ ಆದ ರಾಜಿಯು ಈ ಪದ್ಧತಿಗೆ ತಡೆ ಹಾಕಿತು.

2001ರಲ್ಲಿ ಎಕ್ಸ್‌ಪಿಯೊಡನೆ ‘ಆಕ್ಟಿವೇಶನ್’ ಬಂದಿತು. ದೊಡ್ಡ ತಯಾರಕರ ಯಂತ್ರಗಳಿಗೆ ಆ ತೊಡಕಿರಲಿಲ್ಲ. ಬಯಾಸ್‌ನಲ್ಲಿದ್ದ ಗುರುತನ್ನು ವಿಂಡೋಸ್ ತಾನೇ ಓದಿಕೊಳ್ಳುತ್ತಿತ್ತು. ಪೆಟ್ಟಿಗೆಯ ಮೇಲೆ 25 ಅಕ್ಷರಗಳ ಕೀಲಿಯ ಚೀಟಿ ಬೇರೆ. ನಮ್ಮ ಧೂಳಿಗೆ, ಬೆವರಿಗೆ ಅದು ಎಷ್ಟು ದಿನ ತಾನೇ ಉಳಿದೀತು? 2012ರಲ್ಲಿ ಬಂದ ವಿಂಡೋಸ್ 8ರಿಂದ ಕೀಲಿಯು ಮದರ್‌ಬೋರ್ಡಿನ ಚಿಪ್ಪನ್ನೇ ಸೇರಿತು. ಅನುಕೂಲವೇನೋ ಆಯಿತು. ಆದರೆ ಹಣ ತೆತ್ತವರು ನಾವಾದರೂ, ಆ ಯಂತ್ರ ಕೆಟ್ಟರೆ ಪರವಾನಗಿಯನ್ನು ಇನ್ನೊಂದಕ್ಕೆ ಒಯ್ಯಲು ಮೈಕ್ರೋಸಾಫ್ಟಿನ ನಿಯಮ ಒಪ್ಪುವುದಿಲ್ಲ.