ಕಲೆಯಲ್ಲಿ ಪುರುಷದೇಹ: ವೈರಾಗ್ಯದಿಂದ ಬಯಕೆಯವರೆಗೆ

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ ಕ್ರಿ.ಶ. 1112ರಲ್ಲಿ ನಿರ್ಮಾಣಗೊಂಡಿತು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಈ ಗುಡಿಯನ್ನು ಶಾಸನವು 'ದೇವಾಲಯ ಚಕ್ರವರ್ತಿ' ಎಂದು ಕೊಂಡಾಡಿದೆ. ಐದು ವರ್ಷಗಳ ನಂತರ, 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನು ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದನು. ಮನುಷ್ಯದೇಹವನ್ನು ಕಲ್ಲಿನಲ್ಲಿ ಕಡೆಯಲು ಈ ಕಾಲದ ಶಿಲ್ಪಿಗಳಿಗೆ ಸಂಕೋಚವಿರಲಿಲ್ಲ. ಆದರೆ ಗಂಡಿಗೂ ಹೆಣ್ಣಿಗೂ ಒಂದು ಹಂಚಿಕೆಯಿತ್ತು. ಮಿಥುನ ಶಿಲ್ಪಗಳನ್ನು ಬಿಟ್ಟರೆ, ಶೃಂಗಾರ ಬಹುಮಟ್ಟಿಗೆ ಮದನಿಕೆಯರ ಪಾಲಿಗೆ ಬಂದಿತು. ವೀರ ಮತ್ತು ವೈರಾಗ್ಯಗಳು ಗಂಡಿನ ಪಾಲಾದವು.

ಬಯಕೆಯನ್ನು ಗೆದ್ದ ದೇಹ

ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಕ್ರಿ.ಶ. 981ರಲ್ಲಿ ನಿಲ್ಲಿಸಿದ ಸುಮಾರು 57 ಅಡಿ ಎತ್ತರದ ಬಾಹುಬಲಿ ಮೂರ್ತಿ ಇದಕ್ಕೆ ಶ್ರೇಷ್ಠ ನಿದರ್ಶನ. ಕಾರ್ಕಳ (1432) ಮತ್ತು ವೇಣೂರಿನ (1604) ಮೂರ್ತಿಗಳು ಅದೇ ಪರಂಪರೆಗೆ ಸೇರುತ್ತವೆ. ಇಲ್ಲಿ ಗಂಡಿನ ನಗ್ನತೆ ಪೂಜ್ಯವಾಗಿದೆ. ಏಕೆಂದರೆ ಅದು ಬಯಕೆಯನ್ನು ತೊರೆದ ದೇಹ.

ಇದೇ ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಕುಮ್ಮಟದುರ್ಗದಲ್ಲಿ ಕುಮಾರರಾಮನ ಕಥೆ ಹುಟ್ಟಿತು. ಮಲತಾಯಿ ರತ್ನಾಜಿಯ ಮೋಹವನ್ನು ನಿರಾಕರಿಸಿದ್ದಕ್ಕಾಗಿ ಅವನು 'ಪರನಾರಿ ಸಹೋದರ'ನೆನಿಸಿಕೊಂಡನು. ಬಾಹುಬಲಿ ಯೋಗಿ, ಕುಮಾರರಾಮ ಯೋಧ. ಆದರೂ ಗಂಡಸುತನಕ್ಕೆ ಇಬ್ಬರಲ್ಲಿಯೂ ಒಂದೇ ಒರೆಗಲ್ಲು: ಆಸೆಗೆ ಮಣಿಯದಿರುವುದು.

ಭೂಪೇನ್ ಖಖ್ಖರ್ ತೆರೆದ ಬಾಗಿಲು

ಆಸೆಯುಳ್ಳ, ಅಳುಕುವ, ವಯಸ್ಸಾಗುತ್ತಿರುವ ಗಂಡುದೇಹವನ್ನು ಭಾರತೀಯ ಚಿತ್ರಕಲೆಯ ನಡುಮನೆಗೆ ತಂದವರಲ್ಲಿ ಬರೋಡಾದ ಭೂಪೇನ್ ಖಖ್ಖರ್ (1934–2003) ಪ್ರಮುಖರು. ವೃತ್ತಿಯಿಂದ ಲೆಕ್ಕಪರಿಶೋಧಕರಾಗಿದ್ದ ಅವರು 1981ರ 'ಯು ಕಾಂಟ್ ಪ್ಲೀಸ್ ಆಲ್' ಚಿತ್ರದಲ್ಲಿ ಉಪ್ಪರಿಗೆಯಲ್ಲಿ ನಿಂತು ಬೀದಿಯನ್ನು ನೋಡುತ್ತಿರುವ ಬೆತ್ತಲೆ ಪುರುಷನನ್ನು ಬರೆದರು. ಕೆಳಗೆ ತಂದೆ, ಮಗ ಮತ್ತು ಕತ್ತೆಯ ಹಳೆಯ ನೀತಿಕಥೆ ನಡೆಯುತ್ತಿದೆ. ಎಲ್ಲರನ್ನೂ ಮೆಚ್ಚಿಸಲಾಗದು ಎಂಬ ಆ ಕಥೆಯ ಸಾರವೇ ಚಿತ್ರದ ಹೆಸರು. 1982ರ 'ಟು ಮೆನ್ ಇನ್ ಬನಾರಸ್' ಚಿತ್ರದಲ್ಲಿ ಇಬ್ಬರು ಗಂಡಸರು ಅಪ್ಪಿಕೊಂಡಿದ್ದಾರೆ. ಸುತ್ತಲೂ ಪುಣ್ಯಕ್ಷೇತ್ರದ ದಿನಚರಿ ಎಂದಿನಂತೆ ಸಾಗಿದೆ. ಸಲಿಂಗ ಸಂಬಂಧವನ್ನು ಅಪರಾಧಮುಕ್ತಗೊಳಿಸಿದ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 6ರಂದು. ಅಂದರೆ, ಈ ಚಿತ್ರಗಳು ಕಾನೂನಿಗಿಂತ ಮೂರೂವರೆ ದಶಕ ಮುಂದಿದ್ದವು.

ಪೊಲೀಸನ ಕ್ಯಾಮೆರಾ

ಕರ್ನಾಟಕದಲ್ಲಿ ಈ ವಿಚಾರವನ್ನು ಬೇರೊಂದು ಬಗೆಯಲ್ಲಿ ಕೈಗೆತ್ತಿಕೊಂಡವರು 'ಕಾಪ್ ಶಿವ' ಎಂದೇ ಹೆಸರಾದ ಛಾಯಾಗ್ರಾಹಕ ಬಿ.ಎಸ್. ಶಿವರಾಜು. ರಾಮನಗರ ಸೀಮೆಯ ಹಳ್ಳಿಯಿಂದ ಬಂದು ಪೊಲೀಸ್ ಇಲಾಖೆ ಸೇರಿದ ಅವರು, ಸುರೇಶ್ ಜಯರಾಂ 2003ರಲ್ಲಿ ಆರಂಭಿಸಿದ ಬೆಂಗಳೂರಿನ 'ವನ್ ಶಾಂತಿರೋಡ್' ಕಲಾಕೇಂದ್ರದ ಒಡನಾಟದಲ್ಲಿ ಬೆಳೆದರು. ಅವರ 'ಬೀಯಿಂಗ್ ಗಾಂಧಿ' ಸರಣಿಯಲ್ಲಿ ಗ್ರಾಮೀಣ ಶಾಲಾಶಿಕ್ಷಕರೊಬ್ಬರು ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡು ಗಾಂಧಿಯಾಗುತ್ತಾರೆ. 'ಐ ಲವ್ ಎಂಜಿಆರ್' ಸರಣಿಯಲ್ಲಿ ಅಭಿಮಾನಿಯೊಬ್ಬರು ತಮ್ಮ ಆರಾಧ್ಯ ನಾಯಕನ ವೇಷ ತೊಡುತ್ತಾರೆ. ಗಂಡಸುತನವೂ ತೊಟ್ಟು ಕಳಚುವ ಒಂದು ವೇಷವೇ ಎಂಬ ಪ್ರಶ್ನೆ ಈ ಚಿತ್ರಗಳಲ್ಲಿದೆ. ಸಮವಸ್ತ್ರ ಧರಿಸುತ್ತಿದ್ದ ವ್ಯಕ್ತಿಯೇ ಅದನ್ನು ಕೇಳಿರುವುದು ಗಮನಾರ್ಹ. ಲೈಂಗಿಕ ಅಲ್ಪಸಂಖ್ಯಾತರ ಭಾವಚಿತ್ರಗಳನ್ನೂ ಅವರು ತೆಗೆದಿದ್ದಾರೆ.

ಹುಲಿಗಿಯ ದಾರಿ

ಗ್ಯಾಲರಿಗಳು ಬರುವ ಮೊದಲೇ ಈ ಪ್ರಶ್ನೆಯನ್ನು ಬದುಕಿನಲ್ಲಿ ಎದುರಿಸಿದವರು ಜೋಗತಿಯರು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಬಯಸಿದವರಿಗೆ ಎಲ್ಲಮ್ಮನ ಪರಂಪರೆ ಒಂದು ಸ್ಥಾನ ನೀಡಿತು. ಅದರೊಡನೆ ಮನೆಯಿಂದ ದೂರವಾಗುವ, ಭಿಕ್ಷೆ ಬೇಡುವ ಕಷ್ಟವೂ ಬಂದಿತು. ಮಂಜಮ್ಮ ಜೋಗತಿ ಅವರಿಗೆ 1975ರಲ್ಲಿ ದೀಕ್ಷೆಯಾದದ್ದು ಹೊಸಪೇಟೆಗೆ ಸಮೀಪದ, ಕೊಪ್ಪಳ ತಾಲೂಕಿನ ಹುಲಿಗೆಮ್ಮನ ಸನ್ನಿಧಿಯಲ್ಲಿ. ಕಾಳವ್ವ ಜೋಗತಿಯವರಿಂದ ಕುಣಿತ ಕಲಿತ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಕುಣಿಯುವ ಈ ಕಲೆಯಲ್ಲಿ ದೇಹವೇ ಮಾಧ್ಯಮ.

ಬಾಹುಬಲಿಯ ನಿಶ್ಚಲ ನಿಲುವಿಗೆ ಈ ನಾಡು ಸಾವಿರ ವರ್ಷಗಳಿಂದ ಕೈಮುಗಿದಿದೆ. ಆಸೆಯುಳ್ಳ ಗಂಡಿಗೂ, ಗಂಡುತನವನ್ನೇ ಒಲ್ಲದವರಿಗೂ ಅಷ್ಟೇ ನೇರವಾದ ನೋಟವನ್ನು ಕೊಡಬಲ್ಲೆವೇ ಎಂಬುದು ಸಮಕಾಲೀನ ಕಲೆ ನೋಡುಗರ ಮುಂದಿಟ್ಟಿರುವ ಪ್ರಶ್ನೆಯಾಗಿದೆ.