ಪತ್ರಿಕೆ, ಟಿವಿ, ಆನ್‌ಲೈನ್ ಸುದ್ದಿಗೆ ಲಗಾಮು ಯಾರ ಕೈಲಿ? ಪಾಲ್ಘರ್ ಪ್ರಕರಣ ಕಲಿಸಿದ್ದೇನು?

ಶಿವಸೇನೆ ಮುಖ್ಯಸ್ಥ ಬಾಳ ಠಾಕ್ರೆ 2012ರ ನವೆಂಬರ್ 17ರಂದು ನಿಧನರಾದಾಗ ಮುಂಬೈ ಮತ್ತು ಠಾಣೆ ಸ್ತಬ್ಧವಾಗಿದ್ದವು. ಈ ಬಂದ್ ಏಕೆ ಎಂದು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದ ಪಾಲ್ಘರ್‌ನ ಯುವತಿಯನ್ನೂ, ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ಪಾಲ್ಘರ್ ಆಗ ಠಾಣೆ ಜಿಲ್ಲೆಯಲ್ಲೇ ಇತ್ತು. ಪ್ರತ್ಯೇಕ ಜಿಲ್ಲೆಯಾಗಿದ್ದು 2014ರಲ್ಲಿ.

ಬಂಧನ ಖಂಡಿಸಿ ಮುಖ್ಯಮಂತ್ರಿ ಪೃಥ್ವಿರಾಜ್ ಚವ್ಹಾಣ್ ಅವರಿಗೆ ಪತ್ರ ಬರೆದವರು ಭಾರತೀಯ ಪತ್ರಿಕಾ ಮಂಡಳಿಯ ಅಂದಿನ ಅಧ್ಯಕ್ಷ ಮಾರ್ಕಂಡೇಯ ಕಾಟ್ಜು. ನಂತರ ಪ್ರಕರಣವನ್ನೇ ಕೈಬಿಡಲಾಯಿತು. ಬಂಧನಕ್ಕೆ ಬಳಸಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಚರ್ಚೆ, ಸಮರ್ಥನೆ ಬೇರೆ, ಪ್ರಚೋದನೆ ಬೇರೆ ಎಂದು ಕೋರ್ಟ್ ಗೆರೆ ಎಳೆಯಿತು.

ಪತ್ರಿಕಾ ಮಂಡಳಿಗೆ ಎಷ್ಟು ಅಧಿಕಾರ?
1978ರ ಕಾಯ್ದೆಯಡಿ ಮಂಡಳಿಯಲ್ಲಿ ಅಧ್ಯಕ್ಷರಲ್ಲದೆ 28 ಸದಸ್ಯರಿರುತ್ತಾರೆ. ತಪ್ಪೆಸಗಿದ ಪತ್ರಿಕೆಗೆ ಎಚ್ಚರಿಕೆ ನೀಡಬಹುದು, ಛೀಮಾರಿ ಹಾಕಬಹುದು. ದಂಡ ವಿಧಿಸುವಂತಿಲ್ಲ, ಪತ್ರಿಕೆ ನಿಲ್ಲಿಸುವಂತಿಲ್ಲ. ಟಿವಿ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ದೂರು ಕೊಡುವುದು ಹೇಗೆ?
ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಓದುಗರಿಗೂ, ಬೆಂಗಳೂರಿನವರಿಗೂ ದಾರಿ ಒಂದೇ. ಮೊದಲು ಸಂಪಾದಕರಿಗೆ ಪತ್ರ ಬರೆಯಬೇಕು. ಸ್ಪಂದಿಸದಿದ್ದರೆ ಮಂಡಳಿಗೆ ದೂರು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ಸಲ್ಲಿಸಬೇಕು.

ಆನ್‌ಲೈನ್ ಸುದ್ದಿಯ ಕತೆ ಏನು?
2021ರ ಐಟಿ ನಿಯಮಗಳು ಮೂರು ಹಂತದ ವ್ಯವಸ್ಥೆ ತಂದವು: ಸುದ್ದಿತಾಣ, ಸ್ವನಿಯಂತ್ರಣ ಸಂಸ್ಥೆ, ಕೊನೆಗೆ ಸರ್ಕಾರ. ನೀತಿಸಂಹಿತೆ ಪಾಲನೆ ಕಡ್ಡಾಯಗೊಳಿಸುವ ಭಾಗಕ್ಕೆ ಬಾಂಬೆ ಹೈಕೋರ್ಟ್ ಅದೇ ವರ್ಷ ಆಗಸ್ಟ್‌ನಲ್ಲಿ ತಡೆ ನೀಡಿತು. ಕೇಂದ್ರದ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ಕೇಂದ್ರದ ಘಟಕವೇ ತೀರ್ಮಾನಿಸುವ 2023ರ ತಿದ್ದುಪಡಿ ಪ್ರಶ್ನಿಸಿ ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತಿತರರು ಅದೇ ಕೋರ್ಟ್ ಮೆಟ್ಟಿಲೇರಿದರು. ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಭಿನ್ನವಾದ್ದರಿಂದ ಮೂರನೆಯವರಾದ ನ್ಯಾ. ಎ.ಎಸ್. ಚಂದೂರ್ಕರ್ ಅಭಿಪ್ರಾಯವೇ ನಿರ್ಣಾಯಕವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿ ರದ್ದಾಯಿತು.

ಅಸಲಿ ಸವಾಲು
ಛೀಮಾರಿಗೆ ಜಗ್ಗದ ಪತ್ರಿಕೆಯಿಂದ ಓದುಗನಿಗೆ ನಷ್ಟ. ಆದರೆ ಒಂದು ಲೈಕ್‌ಗೇ ಪೊಲೀಸರು ಬಾಗಿಲು ತಟ್ಟಿದರೆ ಊರೇ ಬಾಯಿ ಮುಚ್ಚಿಕೊಳ್ಳುತ್ತದೆ. ಸುಳ್ಳು ಸುದ್ದಿಗೆ ತಿದ್ದುಪಡಿ ಬೇಗ ಸಿಗಬೇಕು, ಪ್ರಶ್ನೆ ಕೇಳಿದವರಿಗೆ ಜೈಲು ಸಿಗಬಾರದು. ನಿಯಂತ್ರಣದ ಯಾವುದೇ ಹೊಸ ಕಾನೂನು ಬಂದರೂ ಈ ಎರಡನ್ನೂ ಒಟ್ಟಿಗೆ ಅಳೆದು ನೋಡಬೇಕು.